ತಂತಿ ಸುಮ್ಮನಾದ ಹದಿನಾಲ್ಕು ನಿಮಿಷ

ನಾಲ್ಕು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಯಮನೂರಮ್ಮ ಫೈಲು ತೆರೆಯಲು ಹೋದಳು. ಫೈಲು ಇರಲಿಲ್ಲ.

ಹೆಸರು ತಪ್ಪಾಗಿ ಒತ್ತಿರಬೇಕೆಂದು ಮತ್ತೊಮ್ಮೆ ಒತ್ತಿದಳು. ಪಕ್ಕದ ಕಂಪ್ಯೂಟರಿನಲ್ಲಿ ಹುಡುಕಿದಳು. ಅದರಾಚೆಯದರಲ್ಲೂ ಹುಡುಕಿದಳು. ಬೆಳಿಗ್ಗೆಯಷ್ಟೇ ಮುಗಿಸಿ ಉಳಿಸಿಟ್ಟಿದ್ದ ನಲವತ್ತು ಪುಟದ ಪಾಳಿಪಟ್ಟಿ ಎಲ್ಲಿಯೂ ಇರಲಿಲ್ಲ. ಫ್ಯಾನು ತಿರುಗುತ್ತಿತ್ತು. ಕಿಟಕಿಯಾಚೆ ಕಾಲುವೆಯ ನೀರು ಏನೂ ಆಗದ ಹಾಗೆ ಹರಿಯುತ್ತಿತ್ತು.

ಅದು 1996ರ ಸೆಪ್ಟೆಂಬರ್, ಒಂದು ಮಂಗಳವಾರ. ಜಾಗ ಸಿಂಧನೂರಿನ ಕಾಲುವೆ ದಂಡೆಯ ಮೇಲಿದ್ದ ರೈತರ ನೀರು ಹಂಚಿಕೆ ಒಕ್ಕೂಟದ ಕಚೇರಿ. ಯಾವ ಗೇಟನ್ನು ಯಾವ ದಿನ ಎಷ್ಟು ಎತ್ತಬೇಕು ಎಂಬ ಪಟ್ಟಿ ವಾರಕ್ಕೊಮ್ಮೆ ಅಲ್ಲಿ ತಯಾರಾಗುತ್ತಿತ್ತು. ಮಂಗಳವಾರ ಸಂಜೆ ಐದಕ್ಕೆ ಅದನ್ನು ವೈರ್‌ಲೆಸ್ಸಿನಲ್ಲಿ ಓದಿ ಹೇಳುತ್ತಿದ್ದರು. ಗೇಟು ಕಾಯುವವರು ಕೇಳಿಸಿಕೊಂಡು ಗೇಟು ತಿರುಗಿಸುತ್ತಿದ್ದರು. ಹೊಸ ಪಟ್ಟಿ ಬರದಿದ್ದರೆ ಹಳೆಯದೇ ನಡೆಯಬೇಕು. ಅದು ಒಕ್ಕೂಟದ ನಿಯಮ.

ಆ ವಾರದ ಪಾಳಿ ಕಾಲುವೆಯ ಕೊನೆಯವರದು. ಆದರೆ ಆ ಸಂಜೆ ಹೊಸ ಪಟ್ಟಿ ಹೋಗಲಿಲ್ಲ. ಬಳಗಾನೂರಿನ ಕಡೆಯ ಮೇಲಿನ ಗದ್ದೆಗಳಿಗೆ ನೀರು ಹರಿಯುತ್ತಲೇ ಇತ್ತು. ಜವಳಗೇರಾದಾಚೆ ಕಾಲುವೆಯ ಕೊನೆಯಲ್ಲಿ ಭತ್ತ ಹೊಡೆಗಟ್ಟಿ, ತೆನೆ ಬಿಚ್ಚಲು ನೀರಿಗಾಗಿ ನಿಂತಿತ್ತು. ಅಲ್ಲಿನ ಮಣ್ಣು ಬಿರಿಯತೊಡಗಿತ್ತು.

*

ಲಿಂಗಸುಗೂರಿನಿಂದ ಹಾಜಿರಾಬೀ ಬುಧವಾರ ಬೆಳಗಿನ ಬಸ್ಸಿಗೆ ಹೊರಟಳು. ಮೂವತ್ತನಾಲ್ಕರ ಹೆಂಗಸು. ಹೆಗಲಿಗೆ ಕ್ಯಾನ್ವಾಸ್ ಚೀಲ. ಚೀಲದಲ್ಲಿ ಇಕ್ಕಳ, ಬೆಸುಗೆಯ ಸಾಮಾನು, ಒಂದು ಮೀಟರು. ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಅವಳಿಗೆ ಕೆಲಸ. ಹಿಂದಿನ ಸಂಜೆ ಆ ಅಂಗಡಿಗೆ ಸಿಂಧನೂರು ಠಾಣೆಯಿಂದ ಫೋನು ಬಂದಿತ್ತು. ಸಬ್ ಇನ್‌ಸ್ಪೆಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: ಇದು ಮಷಿನ್ ಮಾಡಿದ್ದೋ, ಮನುಷ್ಯರು ಮಾಡಿದ್ದೋ?

ಸಂತೆಕಲ್ಲೂರು ದಾಟಿತು. ಜೋಳದ ಹೊಲಗಳ ಮೇಲೆ ಮೋಡದ ನೆರಳು ಅಲೆಯುತ್ತಿತ್ತು. ಮಸ್ಕಿ ದಾಟಿದ ಮೇಲೆ ಹಸಿರು ಶುರುವಾಯಿತು. ನೀರು ನಿಂತ ಗದ್ದೆಗಳಲ್ಲಿ ಆಕಾಶ ತುಂಡುತುಂಡಾಗಿ ಬಿದ್ದಿತ್ತು. ಹಾಜಿರಾ ಕಣ್ಣು ಮುಚ್ಚಿದಳು. ನಿದ್ದೆಯಲ್ಲ, ಅದು ಅವಳ ರೂಢಿ. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಕೆಟ್ಟ ಸೆಟ್ಟಿನ ಮುಂದೆ ಕೂತು, ನೀನೇ ಕರೆಂಟು ಅಂದುಕೋ, ಒಳಗೆ ಹೋಗು, ನಡಿ, ಎಲ್ಲಿ ಕಾಲು ನಿಲ್ಲುತ್ತೋ ಅಲ್ಲೇ ನೋಡು ಎಂದು ಕಲಿಸಿದ್ದ. ಅಂಗಡಿಯಲ್ಲಿ ಅವಳಿಗೆ ಕನಸುಗಣ್ಣಿನವಳೆಂದೇ ಹೆಸರು. ಆದರೂ ಬೇರೆಯವರು ಕೈಬಿಟ್ಟ ರಿಪೇರಿ ಕಡೆಗೆ ಬರುತ್ತಿದ್ದದ್ದು ಅವಳ ಮೇಜಿಗೇ.

ಸಬ್ ಇನ್‌ಸ್ಪೆಕ್ಟರನ ಹೆಸರು ಮುದುಕಪ್ಪ, ವಯಸ್ಸು ಮೂವತ್ತೆರಡು. ಅವನು ಮೊದಲು ದೂರಿನ ಕಾಗದ ತೋರಿಸಿದ. ಒಕ್ಕೂಟದ ಮ್ಯಾನೇಜರ್ ದ್ಯಾವಪ್ಪ ಮಂಗಳವಾರ ಸಂಜೆಯೇ ತಂದುಕೊಟ್ಟಿದ್ದ. ಜೊತೆಗೆ ಕಂಪ್ಯೂಟರಿನಿಂದ ಮುದ್ರಿಸಿದ ಒಂದು ಹಾಳೆ. ಪಾಳಿಪಟ್ಟಿಯ ಫೈಲನ್ನು ಯಾರೋ ಅಳಿಸಿದ್ದಾರೆ. ಅಳಿಸಿದ ಸಮಯ ಮೂರು ಗಂಟೆ ಮೂವತ್ತೇಳು ನಿಮಿಷ ಎಂದು ಅದರಲ್ಲಿತ್ತು. ಸಿಬ್ಬಂದಿ ನಾಲ್ವರೂ ಒಂದೇ ಹೆಸರಿನಲ್ಲಿ ಕಂಪ್ಯೂಟರಿಗೆ ಒಳಹೋಗುತ್ತಿದ್ದರಿಂದ ಯಾರು ಎಂಬುದು ಮಾತ್ರ ಇರಲಿಲ್ಲ. ಆದರೆ ಪಟ್ಟಿಯ ಕೆಲಸ ಯಮನೂರಮ್ಮನದು, ಅವಳ ಊರು ಬಳಗಾನೂರು, ತಮ್ಮವರ ಗದ್ದೆಗೆ ಇನ್ನೊಂದು ವಾರ ನೀರು ಸಿಗಲೆಂದು ಮಾಡಿದ್ದಾಳೆ ಎಂದು ದೂರಿನಲ್ಲಿ ಬರೆದಿತ್ತು.

"ಶುಕ್ರವಾರದ ತನಕ ಆಕೀಗ ಮನ್ಯಾಗ ಇರು ಅಂದೀನಿ," ಎಂದ ಮುದುಕಪ್ಪ. "ಆಮ್ಯಾಲೆ ನನ್ನ ಕೈಯಾಗ ಇರಂಗಿಲ್ಲ. ಜವಳಗೇರಾ ಮಂದಿ ಮುಂಜಾನಿಂದ ಠಾಣೆ ಮುಂದ ಬಂದು ಕುಂದರಾಕತ್ಯಾರ."

*

ದ್ಯಾವಪ್ಪ ಮೃದು ಮಾತಿನ ಮನುಷ್ಯ. ಹಾಜಿರಾಳಿಗೆ ಚಹಾ ತರಿಸಿದ, ತಾನೇ ಕುರ್ಚಿ ಎಳೆದುಕೊಟ್ಟ. ಆ ಹುಡುಗಿಯ ಮೇಲೆ ದೂರು ಕೊಡಬೇಕಾಗಿ ಬಂದದ್ದು ತನಗೂ ಸಂಕಟವೇ ಎಂದ. ಹಾಗೆನ್ನುವಾಗ ಅವನ ದನಿಯಲ್ಲಿ ನಿಜಕ್ಕೂ ಸಂಕಟವಿತ್ತು.

ಐದು ಕಂಪ್ಯೂಟರುಗಳಿದ್ದವು. ಸಿಬ್ಬಂದಿ ಕೂರುವ ಹಾಲಿನಲ್ಲಿ ನಾಲ್ಕು, ದ್ಯಾವಪ್ಪನ ಕೋಣೆಯಲ್ಲಿ ದೊಡ್ಡದೊಂದು. ಫೈಲುಗಳೆಲ್ಲ ಇರುವುದು ದೊಡ್ಡದರ ಹೊಟ್ಟೆಯಲ್ಲಿ. ಹಾಲಿನ ನಾಲ್ಕೂ ತಂತಿಯ ಮೂಲಕ ಅಲ್ಲಿಂದ ಪಡೆಯಬೇಕು. ಐದನ್ನೂ ಒಂದೇ ಕರಿಯ ತಂತಿ ಸರದ ದಾರದಂತೆ ಪೋಣಿಸಿತ್ತು. ಹೋದ ತಿಂಗಳಿನಿಂದ ಆ ತಂತಿಗೆ ಒಂದು ರೋಗ. ಮಧ್ಯಾಹ್ನ ಮೂರೂ ಕಾಲು, ಮೂರು ಇಪ್ಪತ್ತರ ಹೊತ್ತಿಗೆ ನಾಲ್ಕೂ ಪರದೆ ಒಟ್ಟಿಗೆ ಸ್ತಬ್ಧವಾಗುತ್ತಿದ್ದವು. ಕಾಲು ಗಂಟೆ ಹಾಗೇ ಇದ್ದು, ಯಾರೂ ಏನೂ ಮಾಡದೆ ಮತ್ತೆ ಎಚ್ಚರಾಗುತ್ತಿದ್ದವು. ಮಂಗಳವಾರವೂ ಗೋಡೆ ಗಡಿಯಾರದಲ್ಲಿ ಮೂರು ಇಪ್ಪತ್ತಕ್ಕೆ ನಿಂತು, ಮೂರು ಮೂವತ್ತನಾಲ್ಕಕ್ಕೆ ಬಂದಿತ್ತು ಎಂದು ಹಾಲಿನವರೆಲ್ಲ ಹೇಳಿದರು.

"ಎಚ್ಚರಾದ ಮೂರು ನಿಮಿಷಕ್ಕ ಫೈಲ್ ಹೋಗೇತಿ," ಎಂದ ದ್ಯಾವಪ್ಪ. "ತಂತಿದೂ ಆಕೀದೇ ಕೈವಾಡ ಇರಬೇಕು. ಗದ್ದಲದಾಗ ಯಾರಿಗೂ ಗೊತ್ತಾಗಬಾರದು ಅಂತ."

ಹಾಜಿರಾ ಮೊದಲು ಕರೆಂಟನ್ನು ಅನುಮಾನಿಸಿದಳು. ಮಧ್ಯಾಹ್ನ ಪಂಪ್‌ಸೆಟ್ಟುಗಳೆಲ್ಲ ಶುರುವಾದಾಗ ವೋಲ್ಟೇಜು ಕುಸಿಯುತ್ತಿರಬಹುದು. ಮೀಟರು ಹಿಡಿದು ಕೂತಳು. ಕುಸಿಯಲಿಲ್ಲ. ಆಮೇಲೆ ನೆಲದ ಮೇಲೆ ಮೊಣಕಾಲೂರಿ ತಂತಿಯ ಬೆನ್ನು ಹತ್ತಿದಳು. ಕಾಗದದ ಕಪಾಟಿನ ಹಿಂದೆ ಬೆರಳಿಗೆ ಒರಟಾಗಿ ಏನೋ ತಾಗಿತು. ಇಲಿಯ ಹಲ್ಲಿನ ಗುರುತು. ಕರಿಯ ಸಿಪ್ಪೆ ಕಿತ್ತು ಒಳಗಿನ ತಾಮ್ರದ ಹೆಣಿಗೆ ಮಿನುಗುತ್ತಿತ್ತು. ಅವಳ ಎದೆ ಹಗುರಾಯಿತು. ಆ ತುಂಡನ್ನು ಕತ್ತರಿಸಿ ಹೊಸದು ಹಾಕುವಷ್ಟರಲ್ಲಿ ಎರಡು ಗಂಟೆ.

ಮೂರು ಹತ್ತೊಂಬತ್ತಕ್ಕೆ ನಾಲ್ಕೂ ಪರದೆ ಸ್ತಬ್ಧವಾದವು.

ಸಿಬ್ಬಂದಿ ಯಾರೂ ಆಶ್ಚರ್ಯಪಡಲಿಲ್ಲ. ಕುರ್ಚಿ ಹಿಂದೆ ತಳ್ಳಿ, ಚಹಾ ಕುಡಿಯಲು ಜಗುಲಿಗೆ ಹೋದರು. ಇಲಿ ಕಡಿದ ತಂತಿ ಕೈಯಲ್ಲಿ ಹಿಡಿದುಕೊಂಡು ಹಾಜಿರಾ ಖಾಲಿ ಹಾಲಿನ ನಡುವೆ ನಿಂತಳು. ಕಿಟಕಿಯಿಂದ ಬಂದ ನೀರಿನ ಬೆಳಕು ಚಾವಣಿಯ ಮೇಲೆ ಮೆಲ್ಲಗೆ ತೂಗುತ್ತಿತ್ತು.

*

ಆ ಸಂಜೆ ಐದೂವರೆಗೆ ಅವಳು ಯಮನೂರಮ್ಮನ ಬಾಡಿಗೆ ಕೋಣೆ ಹುಡುಕಿಕೊಂಡು ಹೋದಳು. ಇಪ್ಪತ್ನಾಲ್ಕರ ಹುಡುಗಿ. ಹಿಂದಿನ ದಿನದಿಂದ ತಲೆ ಬಾಚಿರಲಿಲ್ಲ. ಓಣಿಯವರು ಬಾಗಿಲ ಮುಂದೆ ಹಾದುಹೋಗುವಾಗ ದನಿ ತಗ್ಗಿಸುತ್ತಿದ್ದರು. ಬೆಳಿಗ್ಗೆ ಜವಳಗೇರಾದ ಮುದುಕನೊಬ್ಬ ಬಂದು ಒಣಗಿದ ಒಂದು ಹಿಡಿ ಭತ್ತದ ಗಿಡ ಹೊಸ್ತಿಲ ಮೇಲಿಟ್ಟು, ಏನೂ ಅನ್ನದೆ ಹೋಗಿದ್ದನಂತೆ. ಅದನ್ನು ಅವಳು ಎಸೆದಿರಲಿಲ್ಲ. ಒಂದು ಚೊಂಬು ನೀರಿನಲ್ಲಿ ಇಟ್ಟಿದ್ದಳು.

"ಬೈದಿದ್ರ ಸಹಿಸ್ಕೋತಿದ್ದೆ ಅಕ್ಕಾ," ಎಂದಳು.

ಅತ್ತು ಮುಗಿದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ತಂತಿ ನಿಂತಾಗ ನಾಲ್ವರೂ ಜಗುಲಿಗೆ ಬರುತ್ತಿದ್ದರು. ಮಂಗಳವಾರವೂ ಬಂದಿದ್ದರು, ಪರದೆ ಎಚ್ಚರಾಗುವ ತನಕ ಯಾರೂ ಒಳಗೆ ಹೋಗಿರಲಿಲ್ಲ. ಮ್ಯಾನೇಜರು ಮಾತ್ರ ಫೋನು ಬರುತ್ತದೆಂದು ತಮ್ಮ ಕೋಣೆಯಲ್ಲೇ ಉಳಿಯುತ್ತಿದ್ದರು. ಭಾನುವಾರ ಕೆಲಸವಿದ್ದರೂ ತಂತಿ ನಿಂತದ್ದಿಲ್ಲ. ಆಗಸ್ಟಿನ ಮೂರನೇ ವಾರದಲ್ಲಿ ಒಂದು ದಿನವೂ ನಿಲ್ಲಲಿಲ್ಲ. ರೋಗ ತಾನಾಗಿಯೇ ವಾಸಿಯಾಯಿತೆಂದು ಎಲ್ಲರೂ ಖುಷಿಪಟ್ಟಿದ್ದರು. ಮುಂದಿನ ಸೋಮವಾರ ಮತ್ತೆ ಶುರುವಾಯಿತು.

ಹಾಜಿರಾ ಅದನ್ನೆಲ್ಲ ಬರೆದುಕೊಂಡಳು. ಇಲಿಗೆ ಭಾನುವಾರ ಗೊತ್ತಿರುವುದಿಲ್ಲ. ಸಡಿಲವಾದ ತಂತಿ ರಜೆ ಹಾಕುವುದಿಲ್ಲ. ಇದು ಮನುಷ್ಯರ ಕೈ.

*

ಗುರುವಾರ ಅವಳು ಯಮನೂರಮ್ಮನ ಕಂಪ್ಯೂಟರನ್ನು ತಂತಿಯಿಂದಲೇ ಕಳಚಿ ಪಕ್ಕಕ್ಕಿಟ್ಟಳು. ಮೇಜು ಖಾಲಿ, ಹುಡುಗಿ ಮನೆಯಲ್ಲಿ. ಇನ್ನೂ ತಂತಿ ನಿಂತರೆ ಅವಳ ಕೈವಾಡವೆನ್ನುವ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಎಲ್ಲ ಕಂಪ್ಯೂಟರುಗಳನ್ನು ಆರಿಸಿ, ತಂತಿಗೆ ಮೀಟರು ಹಚ್ಚಿದಳು. ಅಂಥ ತಂತಿಗೆ ಎರಡು ತುದಿಯಲ್ಲೂ ಬೆರಳ ತುದಿಯಷ್ಟು ಗಾತ್ರದ ಲೋಹದ ಮುಚ್ಚಳವಿರಬೇಕು. ಅದಿಲ್ಲದಿದ್ದರೆ ತಂತಿಯೊಳಗಿನ ಮಾತು ತುದಿಗೆ ಬಡಿದು, ಬಾವಿಯೊಳಗೆ ಹಾಕಿದ ಕೂಗಿನಂತೆ ಹಿಂದಿರುಗಿ, ಹಿಂದೆ ಬರುವ ಮಾತನ್ನು ಕಲಸಿಬಿಡುತ್ತದೆ. ಆಗ ಯಾವ ಕಂಪ್ಯೂಟರಿಗೂ ಇನ್ನೊಂದರ ಮಾತು ತಿಳಿಯುವುದಿಲ್ಲ. ಎರಡೂ ಮುಚ್ಚಳ ಇದ್ದರೆ ಮೀಟರಿನಲ್ಲಿ ಇಪ್ಪತ್ತೈದು. ಒಂದೇ ಇದ್ದರೆ ಐವತ್ತು.

ಮೀಟರು ಇಪ್ಪತ್ತೈದು ತೋರಿಸಿತು. ಸರಿಯಾಗಿತ್ತು. ಕಂಪ್ಯೂಟರುಗಳನ್ನು ಮತ್ತೆ ಹಚ್ಚಿಸಿ, ಮೀಟರು ಮಡಿಲಲ್ಲಿಟ್ಟುಕೊಂಡು ಕಾದಳು. ಊಟವಾದ ಹೊತ್ತಿನ ಮಂಪರು ಕಚೇರಿಯನ್ನು ತುಂಬಿತ್ತು. ಹೊರಗೆ ಬೆಳ್ಳಕ್ಕಿಗಳು ಟ್ರ್ಯಾಕ್ಟರಿನ ಹಿಂದೆ ನಡೆಯುತ್ತಿದ್ದವು.

ಮೂರು ಹದಿನೆಂಟು. ಪರದೆಗಳು ನಿಂತವು. ಮೀಟರಿನ ಮುಳ್ಳು ಐವತ್ತಕ್ಕೆ ಹೋಗಿ ನಿಂತಿತು.

ಒಂದು ಮುಚ್ಚಳ ಈಗ ಬಿಚ್ಚಿದೆ. ದೊಡ್ಡ ಕಂಪ್ಯೂಟರಿನ ಬಳಿಯ ತುದಿಯನ್ನು ನೋಡಿದಳು. ಅಲ್ಲಿನದು ಭದ್ರವಾಗಿತ್ತು. ಹಾಗಾದರೆ ಇನ್ನೊಂದು ತುದಿ. ಹಾಲಿನ ಕೊನೆಯ ಕಂಪ್ಯೂಟರಿನಲ್ಲಿ ತಂತಿ ಮುಗಿಯುತ್ತದೆಂದು ಎಲ್ಲರೂ ಹೇಳಿದ್ದರು. ಮುಗಿದಿರಲಿಲ್ಲ. ಗೋಣಿಚೀಲದ ಗಂಟಿನ ಹಿಂದೆ ಗೋಡೆಗೊಂದು ತೂತು. ತಂತಿ ಆ ತೂತಿನೊಳಗೆ ಹೋಗಿತ್ತು.

ಕಣ್ಣು ಮುಚ್ಚಲಿಲ್ಲ, ಈ ಸಲ ಕಾಲಿನಿಂದಲೇ ನಡೆದಳು. ಹಿತ್ತಲಿಗೆ ಬಂದಳು. ತಂತಿ ಗೋಡೆಗುಂಟ ಹೋಗಿ, ಹುಣಸೆಮರದ ಕೊಂಬೆಯ ಮೇಲೆ ಹಾದು, ತಗಡಿನ ಚಾವಣಿಯ ಪುಟ್ಟ ಕೋಣೆಯೊಂದನ್ನು ಹೊಕ್ಕಿತ್ತು. ಅದು ವೈರ್‌ಲೆಸ್ ಕೋಣೆ. ಮುಂದೊಂದು ದಿನ ಅಲ್ಲಿಗೂ ಕಂಪ್ಯೂಟರು ಬರಲಿದೆಯೆಂದು ತಂತಿ ಎಳೆದವರು ಅಲ್ಲಿಯವರೆಗೆ ಎಳೆದಿದ್ದರು. ಕಂಪ್ಯೂಟರು ಬಂದಿರಲಿಲ್ಲ. ತಂತಿಯ ವಿಷಯ ಕಚೇರಿಗೆ ಮರೆತೇಹೋಗಿತ್ತು.

ಬಾಗಿಲು ತೆರೆದಿತ್ತು. ಒಳಗೆ ಬಿಳಿ ಗಡ್ಡದ ಒಬ್ಬ ಮನುಷ್ಯ ಎರಡೂ ಕೈಯಿಂದ ರಿಸೀವರನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೂತಿದ್ದ. ವೈರ್‌ಲೆಸ್ ಆಪರೇಟರ್ ಬಂದೇಸಾಬ. ಅವನ ತುಟಿ ಮೆಲ್ಲಗೆ ಅಲುಗುತ್ತಿತ್ತು. ದೂರದ ಲಿಂಗಸುಗೂರು, ಆಮೇಲೆ ಮಸ್ಕಿ, ನೀರಿನೊಳಗಿಂದ ಬಂದಂಥ ದನಿಯಲ್ಲಿ ಅಂದಿನ ಮಳೆಯನ್ನೂ ಹಳ್ಳದ ನೀರಿನ ಎತ್ತರವನ್ನೂ ಹೇಳುತ್ತಿದ್ದವು. ಹಳ್ಳಕ್ಕೆ ಬಂದ ನೀರು ನೋಡಿಕೊಂಡು ಕಾಲುವೆಯ ನೀರು ಹಂಚುತ್ತಿದ್ದರು. ಒಂದೊಂದು ಅಂಕಿಯನ್ನೂ ಅವನು ತಿರುಗಿ ಹೇಳಿ, ಖಾತ್ರಿ ಮಾಡಿಕೊಂಡು, ರಿಜಿಸ್ಟರಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದ. ರಿಜಿಸ್ಟರಿನ ಅಂಚಿನಲ್ಲಿ ಒಂದು ಪುಟ್ಟ ಲೋಹದ ಮುಚ್ಚಳ.

ಹಾಜಿರಾ ಹೊಸ್ತಿಲಲ್ಲೇ ನಿಂತಳು. ನಡುವೆ ಮಾತಾಡಿಸಲು ಮನಸ್ಸಾಗಲಿಲ್ಲ. ಕೊನೆಯ ಅಂಕಿ ಬರೆದು, ಸಮಯ ಹಾಕಿ, ಬಂದೇಸಾಬ ಮುಚ್ಚಳವನ್ನೆತ್ತಿ ಮೊಳೆಗೆ ಸುತ್ತಿದ್ದ ತಂತಿಯ ತುದಿಗೆ ತಿರುಪಿದ. ಹಾಲಿನಲ್ಲಿ ಯಾರೋ ‘ಬಂತು’ ಎಂದು ಕೂಗಿದ್ದು ಇಲ್ಲಿಗೆ ಕೇಳಿಸಿತು. ಅವನಿಗೆ ಕೇಳಿಸಲಿಲ್ಲ.

ಅವಳು ಸಲಾಂ ಹೇಳಿದಳು. ಅವನು ತಿರುಗಲಿಲ್ಲ. ಎರಡನೆಯ ಸಲ ಹೇಳಿದಳು. ಎದುರಿಗೆ ಹೋಗಿ ನಿಂತಾಗ ಬೆಚ್ಚಿ, ನಕ್ಕು, ಅವಳ ತುಟಿಯ ಕಡೆ ನೋಡಿದ. ಹಾಜಿರಾಳಿಗೆ ಎಲ್ಲ ತಿಳಿಯಿತು.

"ಆ ಮುಚ್ಚಳ ಯಾಕ ತೆಗೀತೀರಿ ಚಾಚಾ?"

ಅವನು ಮುಚ್ಚುಮರೆ ಮಾಡಲಿಲ್ಲ. ಈ ಕರಿ ತಂತಿ ಬಂದಾಗಿನಿಂದ ವೈರ್‌ಲೆಸ್ಸಿನಲ್ಲಿ ಒಂದು ಕರಕರ ಸಪ್ಪಳ ಸೇರಿಕೊಂಡಿದೆ ಎಂದ. ಬೇರೆಯವರಿಗಾದರೆ ಅಡ್ಡಿಯಿಲ್ಲ. ತನ್ನ ಕಿವಿ ಒಂದು ವರ್ಷದಿಂದ ಮಂದ. ಒಂದು ದಿನ ಕೈತಪ್ಪಿ ಈ ಬಿರಡೆ ಬಿಚ್ಚಿಕೊಂಡಿತು, ಸಪ್ಪಳ ನಿಂತಿತು, ಮಸ್ಕಿ ಸ್ಪಷ್ಟವಾಗಿ ಕೇಳಿತು. ಅಂದಿನಿಂದ ಲೆಕ್ಕ ಬರೆದುಕೊಳ್ಳುವಷ್ಟು ಹೊತ್ತು ಬಿಚ್ಚುತ್ತಾನೆ, ಮುಗಿದ ಮೇಲೆ ತಿರುಗಿ ಹಾಕುತ್ತಾನೆ. ಎಲ್ಲಿಗೂ ಸೇರದ ತಂತಿಯ ತುದಿ ಅದು. ಅದರಿಂದ ಯಾರಿಗೇನು ಅಡ್ಡಿಯೆಂದು ಅವನು ಅಂದುಕೊಂಡಿದ್ದ. ಭಾನುವಾರ ಮಸ್ಕಿಯವರು ಲೆಕ್ಕ ಕೊಡುವುದಿಲ್ಲ. ಆಗಸ್ಟಿನ ಮೂರನೇ ವಾರ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದ. ಅವನ ಬದಲಿಗೆ ಬಂದವನಿಗೆ ಕಿವಿ ಚೆನ್ನಾಗಿತ್ತು.

ಹಾಜಿರಾ ನಿಧಾನವಾಗಿ, ತುಟಿ ಕಾಣುವ ಹಾಗೆ, ಆ ಮುಚ್ಚಳ ಏನು ಮಾಡುತ್ತದೆ, ಅದನ್ನು ಬಿಚ್ಚಿದಾಗ ಹಾಲಿನ ಮಷಿನುಗಳ ಮಾತು ನಿಂತೇ ಸಪ್ಪಳವೂ ನಿಲ್ಲುತ್ತದೆಂದು ಹೇಳಿದಳು. ಬಂದೇಸಾಬನ ಮುಖ ಬಿಳಿಚಿತು.

"ಹಂಗಾದ್ರ ಆ ಹುಡುಗಿ ಮ್ಯಾಲ ಬಂದದ್ದೆಲ್ಲ ನನ್ನಿಂದ ಬೇಟಾ?"

ಹಾಜಿರಾ ಹೊರಗೆ ನಡೆದಳು. ಹುಣಸೆಮರದ ಕೆಳಗೆ ಬಂದು ಕೂತಳು. ಎಲೆಗಳ ಸಂದಿನಿಂದ ಬಿಸಿಲು ಕಾಳುಕಾಳಾಗಿ ಉದುರುತ್ತಿತ್ತು. ತಂತಿ ನಿಲ್ಲಿಸಿದವನು ಸಿಕ್ಕ. ಆದರೆ ತಂತಿ ನಿಂತರೆ ಫೈಲು ಅಳಿಸುವುದಿಲ್ಲ. ಉಳಿಸಿಟ್ಟ ಫೈಲು ಅಲ್ಲೇ ಇರುತ್ತದೆ. ಅಳಿಸಿದವರು ಬೇರೆ ಯಾರೋ.

ಈಗ ಕಣ್ಣು ಮುಚ್ಚಿದಳು. ಹಾಲಿನ ಮೇಜಿನಿಂದ ಹೊರಟು ತಂತಿಯೊಳಗೆ ದೊಡ್ಡ ಕಂಪ್ಯೂಟರಿನ ಕಡೆ ನಡೆದಳು. ಮುಚ್ಚಳ ಬಿಚ್ಚಿದೆ. ದಾರಿಯ ತುಂಬ ತನ್ನದೇ ಕೂಗು ಮರಳಿ ಬರುತ್ತಿದೆ. ಮುಂದೆ ಹೋಗಲಾಗುತ್ತಿಲ್ಲ. ಆ ಹೊತ್ತಿನಲ್ಲಿ ಹಾಲಿನಿಂದ ಯಾರೂ ಫೈಲಿನ ಹತ್ತಿರ ಹೋಗಲಾರರು. ಹೋಗಬಲ್ಲವನು ಒಬ್ಬನೇ: ದೊಡ್ಡ ಕಂಪ್ಯೂಟರಿನ ಎದುರಿಗೇ ಕೂತವನು. ಅವನಿಗೆ ತಂತಿಯೇ ಬೇಡ.

ಆದರೆ ಅಳಿಸಿದ್ದು ಮೂರು ಮೂವತ್ತೇಳಕ್ಕೆ. ಆಗ ತಂತಿ ಎಚ್ಚರಾಗಿ ಮೂರು ನಿಮಿಷವಾಗಿತ್ತು.

ಅವಳು ಕಣ್ಣು ತೆರೆದಳು. ಯಾವ ಗಡಿಯಾರದ ಮೂರು ಮೂವತ್ತೇಳು?

*

ಕಚೇರಿ ಮುಚ್ಚುವ ಮೊದಲು ಅವಳು ಹಾಲಿನ ಒಂದು ಕಂಪ್ಯೂಟರಿನಿಂದ ತನ್ನದೊಂದು ಚಿಕ್ಕ ಫೈಲನ್ನು ದೊಡ್ಡದರಲ್ಲಿ ಉಳಿಸಿದಳು. ಕೈಗಡಿಯಾರದಲ್ಲಿ ನಾಲ್ಕೂವರೆ. ಫೈಲಿನ ಮುಂದೆ ದೊಡ್ಡ ಕಂಪ್ಯೂಟರು ಬರೆದುಕೊಂಡ ಸಮಯ ನಾಲ್ಕು ಮೂವತ್ತೊಂಬತ್ತು. ಯಾರಿಗೂ ಹೇಳಲಿಲ್ಲ. ನೇರವಾಗಿ ಠಾಣೆಗೆ ನಡೆದಳು.

ಮುದುಕಪ್ಪ ಕೇಳಿ ಮುಗಿಸಿದ. ಇವತ್ತು ಒಂಬತ್ತು ನಿಮಿಷ ಮುಂದೆ ಇರಬಹುದು, ಮಂಗಳವಾರವೂ ಇತ್ತು ಎನ್ನಲು ಸಾಕ್ಷಿ ಏನು ಎಂದ. ಹಾಜಿರಾಳ ಬಳಿ ಇರಲಿಲ್ಲ. ಅವನು ದೂರಿನ ಕಡತ ತೆಗೆದು ಮುದ್ರಿತ ಹಾಳೆಯನ್ನು ದೀಪಕ್ಕೆ ಹಿಡಿದ. ಮೇಲಿನ ಮೂಲೆಯಲ್ಲಿ ಕಂಪ್ಯೂಟರು ತಾನಾಗಿಯೇ ಒತ್ತಿದ ಸಣ್ಣ ಅಕ್ಷರಗಳಿದ್ದವು. ಅವನ ಹುಬ್ಬು ಗಂಟಾಯಿತು. ಠಾಣೆಯ ದಿನಚರಿ ತರಿಸಿದ. ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ. ಆಮೇಲೆ, ತಲಾಟಿ ಕಚೇರಿಯಿಂದ ಬಳಗಾನೂರಿನ ಜಮೀನುಗಳ ಪಹಣಿ ನೋಡಿಕೊಂಡು ಬರಲು ಒಬ್ಬ ಪೇದೆಗೆ ಹೇಳಿದ.

*

ಶುಕ್ರವಾರ ಹನ್ನೊಂದಕ್ಕೆ ಹಾಲಿನಲ್ಲಿ ಎಲ್ಲರೂ ಸೇರಿದ್ದರು. ಸಿಬ್ಬಂದಿ ಮೂವರು, ಗೋಡೆಗೆ ಒರಗಿ ಯಮನೂರಮ್ಮ, ಕುರ್ಚಿಯಲ್ಲಿ ದ್ಯಾವಪ್ಪ. ಜಗುಲಿಯ ತುಂಬ ಜವಳಗೇರಾದ ರೈತರು. ಬಂದೇಸಾಬ ರಿಜಿಸ್ಟರನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಹಿಂದಿನ ದಿನ ಹಾಜಿರಾ ಅವನಿಗೆ, ಕಿವಿಯ ವಿಷಯ ಹೇಳದೆ ಹೇಗಾದರೂ ಸಾಧ್ಯವೇ ನೋಡುತ್ತೇನೆ ಎಂದಿದ್ದಳು. ನಿವೃತ್ತಿಗೆ ಅವನಿಗೆ ಹನ್ನೊಂದು ತಿಂಗಳಿತ್ತು. ಕಿವುಡನಿಗೆ ವೈರ್‌ಲೆಸ್ ಕೆಲಸ ಯಾರೂ ಕೊಡುವುದಿಲ್ಲ.

ಮಾತು ಶುರುವಾಗುವ ಮೊದಲೇ ಅವನು ಮುಂದೆ ಬಂದ.

"ತಂತಿ ನಿಲ್ಲಸ್ತಿದ್ದವ ನಾನು ಸಾಹೇಬ್ರ. ನನಗ ಕಿವಿ ಕೇಳಂಗಿಲ್ಲ. ಒಂದು ವರ್ಷದಿಂದ ಮುಚ್ಚಿಟ್ಟೀನಿ. ಆ ಹುಡುಗೀದು ಏನೂ ತಪ್ಪಿಲ್ಲ."

ಯಮನೂರಮ್ಮ ಅವನನ್ನೇ ನೋಡುತ್ತಿದ್ದಳು. ದ್ಯಾವಪ್ಪ ಮೆಲ್ಲಗೆ ಉಸಿರುಬಿಟ್ಟು, ಪಾಪ, ಗೊತ್ತಿಲ್ಲದೆ ಮಾಡಿದ್ದು, ಆದರೆ ಫೈಲು ಅಳಿಸಿದ್ದು ಅದಾದ ಮೇಲೆ ಎಂದು ನೆನಪು ಮಾಡಿದ.

ಹಾಜಿರಾ ರಿಜಿಸ್ಟರು ಇಸಿದುಕೊಂಡು ಮಂಗಳವಾರದ ಪುಟ ತೆರೆದಳು. ಬಂದೇಸಾಬ ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಯ ಸಮಯಕ್ಕೆ ಗಡಿಯಾರ ಹೊಂದಿಸುವವನು. ಲಿಂಗಸುಗೂರು ಶುರು ಮೂರು ಹತ್ತೊಂಬತ್ತು. ಮಸ್ಕಿ ಮುಗಿದದ್ದು ಮೂರು ಮೂವತ್ತಮೂರು. ಆ ಹದಿನಾಲ್ಕು ನಿಮಿಷ ಮುಚ್ಚಳ ಮೇಜಿನ ಮೇಲಿತ್ತು, ತಂತಿ ಸತ್ತಿತ್ತು ಎಂದಳು. ಹಾಲಿನವರು ನೋಡಿದ ಗೋಡೆ ಗಡಿಯಾರಕ್ಕೂ ಅದು ಹೊಂದುತ್ತದೆ. ಫೈಲು ಅಳಿದ ಸಮಯವನ್ನು ಮಾತ್ರ ಬೇರೆ ಗಡಿಯಾರ ಹೇಳಿದೆ, ದೊಡ್ಡ ಕಂಪ್ಯೂಟರಿನ ಒಳಗಿನದು. ಅದು ಒಂಬತ್ತು ನಿಮಿಷ ಮುಂದಿದೆ. ಮೂರು ಮೂವತ್ತೇಳರಲ್ಲಿ ಒಂಬತ್ತು ಕಳೆದರೆ ಮೂರು ಇಪ್ಪತ್ತೆಂಟು. ತಂತಿ ಸತ್ತಿದ್ದ ಹೊತ್ತಿನ ನಟ್ಟನಡುವೆ.

"ಆವಾಗ ಈ ನಾಲ್ಕು ಮಷಿನ್‌ನಿಂದ ಒಂದು ಅಕ್ಷರಾನೂ ಅತ್ತಾಗ ಹೋಗಂಗಿಲ್ರಿ," ಎಂದಳು ಹಾಜಿರಾ. "ಅಳಿಸಿದವ್ರು ದೊಡ್ಡ ಮಷಿನ್ ಮುಂದ ಕುಂತು ಅಳಿಸ್ಯಾರ. ನಾಲ್ಕೂ ಮಂದಿ ಜಗಲಿ ಮ್ಯಾಲ ಚಾ ಕುಡಿಯಾಕತ್ತಿದ್ರು. ಒಳಗಿದ್ದವ್ರು ಒಬ್ರೇ."

ಗಡಿಯಾರ ನಿನ್ನೆ ಮೊನ್ನೆ ತಪ್ಪಿರಬಹುದು ಎಂದ ದ್ಯಾವಪ್ಪ. ದನಿ ಇನ್ನೂ ಮೃದುವಾಗಿಯೇ ಇತ್ತು.

ಮುದುಕಪ್ಪ ಎರಡು ಕಾಗದ ಮುಂದೆ ಸರಿಸಿದ. ಒಂದು, ದ್ಯಾವಪ್ಪ ತಂದ ಮುದ್ರಿತ ಹಾಳೆ. ಇನ್ನೊಂದು, ಠಾಣೆಯ ದಿನಚರಿ.

"ಈ ಹಾಳಿ ಛಾಪ ಆದದ್ದು ಮಂಗಳವಾರ ಐದು ಹತ್ತೊಂಬತ್ತಕ್ಕ ಅಂತ ದೊಡ್ಡ ಮಷಿನ್ ಒತ್ತೇತಿ. ನೀವು ಇದನ್ನ ನನ್ನ ಕೈಯಾಗ ಕೊಟ್ಟದ್ದು ಐದೂ ಕಾಲಕ್ಕ. ಛಾಪ ಆಗೂಕಿಂತ ನಾಲ್ಕು ಮಿನಿಟ್ ಮೊದಲ ಹೆಂಗ ತಂದ್ರಿ?"

ದ್ಯಾವಪ್ಪ ಹಾಳೆಯನ್ನು ನೋಡಿದ. ಕಚೇರಿಯಿಂದ ಠಾಣೆಗೆ ಐದು ನಿಮಿಷದ ನಡಿಗೆ. ಐದು ಹತ್ತಕ್ಕೆ ಮುದ್ರಿಸಿ ಐದೂ ಕಾಲಿಗೆ ತಂದಿದ್ದ. ಗಡಿಯಾರ ಮಂಗಳವಾರವೂ ಅಷ್ಟೇ ಮುಂದಿತ್ತು. ಮುದುಕಪ್ಪ ಪಹಣಿಯ ನಕಲನ್ನೂ ಇಟ್ಟ. ಬಳಗಾನೂರಿನ ಕಡೆಯ ಮೇಲಿನ ಉಪಕಾಲುವೆಗೆ ಅಂಟಿದ ಹನ್ನೆರಡು ಎಕರೆ, ದ್ಯಾವಪ್ಪನ ಹೆಂಡತಿಯ ತಮ್ಮನ ಹೆಸರಿನಲ್ಲಿ.

ದ್ಯಾವಪ್ಪ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡ. ಹೋದ ವರ್ಷ ಆ ಗದ್ದೆ ಒಣಗಿತ್ತು ಎಂದ. ತಂತಿ ದಿನಾ ಅದೇ ಹೊತ್ತಿಗೆ ನಿಲ್ಲುವುದನ್ನು ತಿಂಗಳಿನಿಂದ ನೋಡುತ್ತಿದ್ದ. ಎಲ್ಲರೂ ಎದ್ದು ಹೋಗುತ್ತಾರೆ, ಏನು ಹೋದರೂ ತಂತಿಯ ಮೇಲೆ ಹಾಕಬಹುದು. ಒಂದೇ ವಾರ ಎಂದುಕೊಂಡಿದ್ದ. ಕೊನೆಯವರು ತಡೆಯುತ್ತಾರೆ ಎಂದುಕೊಂಡಿದ್ದ. ಆದರೆ ಸಂಜೆ ಒಕ್ಕೂಟದವರು ಯಾರು ಅಳಿಸಿದರೆಂದು ಕೇಳಿದಾಗ ಒಂದು ಹೆಸರು ಬೇಕಾಯಿತು.

"ಬಳಗಾನೂರಾಕಿ ಅಂತ ಆಕೀ ಹೆಸರು ಬಾಯಿಗೆ ಬಂತು," ಎಂದ.

ಜಗುಲಿಯ ರೈತರು ಎದ್ದು ನಿಂತಿದ್ದರು. ಮುದುಕಪ್ಪ ದ್ಯಾವಪ್ಪನ ತೋಳು ಹಿಡಿದು, ಅವರ ನಡುವಿನಿಂದಲೇ ಕರೆದುಕೊಂಡು ಹೋದ. ಯಾರೂ ಕೈ ಎತ್ತಲಿಲ್ಲ. ದಾರಿ ಬಿಟ್ಟರು, ಅಷ್ಟೆ.

*

ಅಳಿಸಿದ ಫೈಲನ್ನು ದೊಡ್ಡ ಕಂಪ್ಯೂಟರು ಕೆಲವು ದಿನ ಒಳಗೇ ಇಟ್ಟುಕೊಂಡಿರುತ್ತದೆ. ಈಗ ದ್ಯಾವಪ್ಪನ ಗುಪ್ತಪದ ಸಿಕ್ಕಿದ್ದರಿಂದ ಹಾಜಿರಾ ಅದನ್ನು ಮೇಲೆತ್ತಿದಳು. ನಲವತ್ತು ಪುಟವೂ ಇದ್ದವು. ಆಮೇಲೆ ಗೋಡೆಯ ತೂತಿನ ಬಳಿ ತಂತಿಯನ್ನು ಕತ್ತರಿಸಿ, ಮುಚ್ಚಳವನ್ನು ಹಾಲಿನೊಳಗಿನ ತುದಿಗೇ ಹಾಕಿದಳು. ಹುಣಸೆಮರದ ಮೇಲಿನ ತಂತಿಯನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ವೈರ್‌ಲೆಸ್ಸಿನ ಕರಕರ ಸಪ್ಪಳ ಅಲ್ಲಿಗೆ ನಿಂತಿತು.

ಬಂದೇಸಾಬ ಮೈಕನ್ನು ಬೇರೆಯವರಿಗೆ ಕೊಡಲು ಹೋದ. ಒಕ್ಕೂಟದವರು ಸೋಮವಾರ ತೀರ್ಮಾನಿಸುತ್ತಾರೆ, ಅಲ್ಲಿಯವರೆಗೆ ಕುರ್ಚಿ ನಿಮ್ಮದೇ ಎಂದಳು ಯಮನೂರಮ್ಮ. ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತಳು. ಅವನು ಪಟ್ಟಿ ಓದಿದ. ಗೇಟಿನವರು ತಿರುಗಿ ಹೇಳಿದ ಅಂಕಿಗಳನ್ನು ಅವಳು ಒಂದೊಂದಾಗಿ ಬೆರಳಿನಲ್ಲಿ ತೋರಿಸಿದಳು. ಅವನು ತಲೆಯಾಡಿಸಿ ಬರೆದುಕೊಂಡ. ಒಂದೂ ತಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಮುದುಕಪ್ಪ ಹಾಜಿರಾಳನ್ನು ಜೀಪಿನಲ್ಲಿ ಜವಳಗೇರಾದಾಚೆ ಕರೆದುಕೊಂಡು ಹೋದ. ಕಾಲುವೆಯ ಕೊನೆಯಲ್ಲಿ ಹೆಂಗಸರೂ ಗಂಡಸರೂ ಬದುವಿನ ಮೇಲೆ ಸಾಲಾಗಿ ಕೂತಿದ್ದರು. ಬಹಳ ಹೊತ್ತಿನ ಮೇಲೆ ಒಣಗಿದ ಕಾಲುವೆಯ ತಿರುವಿನಲ್ಲಿ ನೀರಿನ ಮೊದಲ ನಾಲಿಗೆ ಕಾಣಿಸಿತು. ಹುಲ್ಲುಕಡ್ಡಿ, ಒಣ ಎಲೆ, ನೊರೆಯನ್ನು ಮುಂದೆ ತಳ್ಳಿಕೊಂಡು, ದಾರಿ ಗೊತ್ತಿಲ್ಲದವರ ಹಾಗೆ ಅಲ್ಲಲ್ಲಿ ನಿಂತು ನಿಂತು ಬಂತು. ಹೊನ್ನೂರಮ್ಮ ಎಂಬ ವಯಸ್ಸಾದ ಹೆಂಗಸೊಬ್ಬಳು ಬದುವಿನಿಂದ ಇಳಿದು, ಅಂಗೈಯಿಂದ ಮಣ್ಣು ಸರಿಸಿ ತನ್ನ ಗದ್ದೆಗೆ ಬಾಯಿ ಮಾಡಿಕೊಟ್ಟಳು. ಬಿರುಕುಗಳು ಒಂದೊಂದಾಗಿ ನೀರು ಕುಡಿಯುವ ಸಣ್ಣ ಸದ್ದು ಕೇಳಿಸತೊಡಗಿತು.

"ಉಳೀತೈತೇನಬೇ?" ಎಂದು ಮುದುಕಪ್ಪ ಕೇಳಿದ.

ಹೊನ್ನೂರಮ್ಮ ಒಂದು ಹೊಡೆಯನ್ನು ಹಿಸುಕಿ ನೋಡಿದಳು. ಇನ್ನೊಂದನ್ನು ನೋಡಿದಳು.

"ಅರ್ಧ ಹೋಗೇತಿ," ಎಂದಳು. "ಅರ್ಧ ಐತಿ."

ಅಷ್ಟು ಹೇಳಿ, ಸೀರೆ ಎತ್ತಿಕಟ್ಟಿ, ನೀರಿನ ಜೊತೆಗೇ ಗದ್ದೆಯೊಳಕ್ಕೆ ನಡೆದಳು.